ಪೂಲ್ ಸ್ಟಿಕ್‌ಗೆ ಯಾವ ಟಿಪ್ ಹಾಕಿಸಬೇಕು?

ಪೂಲ್ ಅಂದರೆ ಮೇಜಿನ ಮೇಲೆ ಸ್ಟಿಕ್ಕಿನಿಂದ ಬಾಲು ಹೊಡೆದು ಕುಳಿಗೆ ಬೀಳಿಸುವ ಆಟ. ಅದನ್ನಾಡಲು ಹದಿನೈದು ಸಾವಿರ ಕೊಟ್ಟು ಸ್ಟಿಕ್ ತಗೊಂಡವರನ್ನು ಅದರ ಟಿಪ್ ಯಾವುದು ಅಂತ ಕೇಳಿ ನೋಡಿ, ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಮರ ಯಾವುದು, ಜಾಯಿಂಟ್ ಎಂಥದ್ದು, ತೂಕ ಎಷ್ಟು ಔನ್ಸ್, ಎಲ್ಲಾ ಬಾಯಿಪಾಠ. ಆದರೆ ಬಿಳಿ ಬಾಲಿಗೆ ತಾಗುವುದು ತುದಿಯಲ್ಲಿರುವ ಆ ಚೂರು ಚರ್ಮ ಮಾತ್ರ ಅಲ್ವಾ? ಅದೂ ಸೆಕೆಂಡಿನ ಸಾವಿರದಲ್ಲಿ ಒಂದೋ ಎರಡೋ ಭಾಗದಷ್ಟು ಹೊತ್ತು. ಬಾಲು ಎಷ್ಟು ವೇಗವಾಗಿ ಹೋಗಬೇಕು, ಎಷ್ಟು ತಿರುಗಬೇಕು ಅನ್ನುವುದೆಲ್ಲ ಅಷ್ಟರಲ್ಲೇ ತೀರ್ಮಾನವಾಗಿರುತ್ತದೆ.

ಅದಕ್ಕೇ ಟಿಪ್ ಆರಿಸುವಾಗ ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕು. ಆದರೆ ಜನ ಸಾಫ್ಟಾ ಹಾರ್ಡಾ ಅನ್ನುವ ಪ್ರಶ್ನೆಯಲ್ಲೇ ನಿಂತುಬಿಡುತ್ತಾರೆ. ನಾನು ಮೊದಲು ನೋಡುವುದು ಆಕಾರ. ಆಮೇಲೆ, ಇವತ್ತು ಇದ್ದ ಹಾಗೇ ಮುಂದಿನ ತಿಂಗಳೂ ಇರುತ್ತದಾ ಅನ್ನುವುದು. ಗಡಸು ಎಷ್ಟು ಅನ್ನುವುದಕ್ಕೆ ಮೂರನೇ ಜಾಗ.

"ಸಾಫ್ಟ್ ಟಿಪ್ ಹಾಕಿಸಿ, ಸ್ಪಿನ್ ಜಾಸ್ತಿ ಬರುತ್ತೆ" ಅನ್ನುವ ಮಾತು ಎಲ್ಲಾ ಪೂಲ್ ಪಾರ್ಲರ್‌ನಲ್ಲೂ ಕೇಳಿಸುತ್ತದೆ. ಮೆತ್ತಗಿರುವ ಚರ್ಮ ಬಾಲನ್ನು ಜಾಸ್ತಿ ಹೊತ್ತು ಹಿಡಿದುಕೊಳ್ಳುತ್ತದೆ, ಅದಕ್ಕೇ ಜಾಸ್ತಿ ತಿರುಗುತ್ತದೆ ಅನ್ನುವುದು ಅದರ ಹಿಂದಿನ ಲೆಕ್ಕ. ಮೆತ್ತನೆ ಟಿಪ್ ಕೂದಲೆಳೆಯಷ್ಟು ಜಾಸ್ತಿ ಹೊತ್ತು ತಾಗಿರುವುದು ನಿಜ, ಆದರೆ ಸ್ಪಿನ್ ಬರುವುದು ಅದರಿಂದಲ್ಲ. ನೀವು ಬಾಲಿನ ನಡುವಿನಿಂದ ಎಷ್ಟು ದೂರಕ್ಕೆ ಹೊಡೆದಿರಿ, ಎಷ್ಟು ವೇಗವಾಗಿ ಹೊಡೆದಿರಿ, ಅಷ್ಟೇ. ಅಮೆರಿಕದ ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದ ಡೇವಿಡ್ ಅಲ್ಸಿಯಾಟೋರ್ ಈ ಆಟದ ಭೌತಶಾಸ್ತ್ರವನ್ನೇ ವರ್ಷಗಟ್ಟಲೆ ಪರೀಕ್ಷೆ ಮಾಡಿದವರು, ಅವರು ಹೇಳುವುದೂ ಇದನ್ನೇ. ಹಾರ್ಡ್ ಟಿಪ್‌ನಲ್ಲೂ ಅದೇ ಜಾಗಕ್ಕೆ ಹೊಡೆದರೆ ಅದೇ ಸ್ಪಿನ್. ಹಾರ್ಡ್ ಆದಷ್ಟೂ ಶಕ್ತಿ ಕಡಿಮೆ ಪೋಲಾಗುತ್ತದೆ, ಹಾಗಾಗಿ ಅದೇ ಹೊಡೆತಕ್ಕೆ ಬಾಲು ಸ್ವಲ್ಪ ಜಾಸ್ತಿ ಓಡುತ್ತದೆ. ವ್ಯತ್ಯಾಸ ಅಂದರೆ ಇದು.

ಹಾಗಾದರೆ ಎಷ್ಟು ದೂರಕ್ಕೆ ಹೊಡೆಯಬಹುದು? ಪೂಲ್ ಬಾಲಿನ ವ್ಯಾಸ 57.15 ಮಿ.ಮೀ. ನಡುವಿನಿಂದ ಅಂಚಿನವರೆಗೆ ಇರುವ ದೂರದಲ್ಲಿ ಸುಮಾರು ಅರ್ಧ, ಅಂದರೆ 14 ಮಿ.ಮೀ. ಆಸುಪಾಸು, ಅದೇ ಗಡಿ. ಅದನ್ನು ದಾಟಿದರೆ ಚಾಕ್ ಎಷ್ಟೇ ಹಚ್ಚಿದ್ದರೂ ಟಿಪ್ ಜಾರುತ್ತದೆ, ಮಿಸ್‌ಕ್ಯೂ ಆಗುತ್ತದೆ. ಟಿಪ್‌ನ ಆಕಾರ ಮುಖ್ಯ ಅಂದದ್ದು ಇದಕ್ಕೇ. ಟಿಪ್ ಗುಂಡಗಿದ್ದರೆ ಆ ಗಡಿಯವರೆಗೂ ಚರ್ಮದ ಮೈಯೇ ಬಾಲಿಗೆ ತಾಗುತ್ತದೆ. ಚಪ್ಪಟೆಯಾಗಿದ್ದರೆ ಸ್ವಲ್ಪ ಆಚೀಚೆ ಹೊಡೆದರೂ ತಾಗುವುದು ಅಂಚು. ಅಂಚಿನಲ್ಲಿ ಚಾಕ್ ನಿಲ್ಲುವುದಿಲ್ಲ. ಸಾಫ್ಟ್ ಟಿಪ್ ಹಾಕಿಸಿದ ಮೇಲೆ ಸ್ಪಿನ್ ಚೆನ್ನಾಗಿ ಬಂತು ಅನ್ನುವವರ ಹಳೇ ಟಿಪ್ ಬಹುಪಾಲು ಚಪ್ಪಟೆಯಾಗಿ, ನುಣುಪಾಗಿ ಹೋಗಿರುತ್ತದೆ. ಹೊಸದು ಗುಂಡಗಿದೆ, ತರಿ ಇದೆ, ಚಾಕ್ ಹಿಡಿಯುತ್ತದೆ, ಅಷ್ಟೇ ವಿಷಯ.

ಎಷ್ಟು ಗುಂಡಗೆ? ಅಮೆರಿಕದವರು ಇದನ್ನು ನಾಣ್ಯದಲ್ಲಿ ಅಳೆಯುತ್ತಾರೆ, ನಿಕಲ್ ಅಥವಾ ಡೈಮ್. ನಿಕಲ್ ಅಂದರೆ ಅವರ ಐದು ಸೆಂಟ್, ವ್ಯಾಸ 21.2 ಮಿ.ಮೀ. ಡೈಮ್ ಹತ್ತು ಸೆಂಟ್, 17.9 ಮಿ.ಮೀ. ನಮಗೆ ಆ ನಾಣ್ಯ ಹುಡುಕುವ ಕೆಲಸ ಬೇಡ. 2011ರಲ್ಲಿ ರೂಪಾಯಿ ಚಿಹ್ನೆಯ ಜೊತೆ ಬಂದ ಒಂದು ರೂಪಾಯಿ ನಾಣ್ಯ 22 ಮಿ.ಮೀ., 2019ರ ನಂತರ ಬಂದದ್ದು 20 ಮಿ.ಮೀ. ನಿಕಲ್ ಇವೆರಡರ ನಡುವೆ ಬರುತ್ತದೆ, ಯಾವುದಾದರೂ ಆಗುತ್ತದೆ. ಸ್ಟಿಕ್ಕನ್ನು ಬೆಳಕಿಗೆ ಹಿಡಿದು, ಟಿಪ್‌ನ ಪಕ್ಕಕ್ಕೆ ನಾಣ್ಯದ ಅಂಚು ಇಟ್ಟು ನೋಡಿ, ಎರಡರ ಬಾಗು ಕೂಡಬೇಕು. ಟಿಪ್‌ನ ಬಾಗು ನಾಣ್ಯಕ್ಕಿಂತ ಚಪ್ಪಟೆ ಕಂಡರೆ ಶೇಪರ್ (ಟಿಪ್ ಉಜ್ಜಿ ಗುಂಡಗೆ ಮಾಡುವ ಸಾಧನ) ಹಾಕುವ ಹೊತ್ತು ಬಂದಿದೆ ಅಂತ ಅರ್ಥ. 13 ಮಿ.ಮೀ. ಟಿಪ್‌ಗೆ ನಿಕಲ್ ಬಾಗು ಸಾಕು. ಡೈಮ್ ಬಾಗು ಚಿಕ್ಕ ಟಿಪ್‌ಗೆ ಚೆನ್ನ, ದೊಡ್ಡದಕ್ಕೆ ಮಾಡಿದರೆ ಚರ್ಮ ಬೇಗ ಸವೆದು ಹೋಗುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ಖಂಡಿತ ಮಾಡಿ ನೋಡಿ. ಬಿಳಿ ಬಾಲಿನ ಬದಲು ಒಂದು ಪಟ್ಟೆ ಬಾಲು, ಹನ್ನೊಂದೋ ಹದಿಮೂರೋ, ಪಟ್ಟೆ ಅಡ್ಡಕ್ಕೆ ಬರುವಂತೆ ಇಡಿ. ಪಟ್ಟೆಯ ಮೇಲಂಚು, ಕೆಳಂಚು ಇರುವ ಜಾಗವೇ ಹೆಚ್ಚುಕಡಿಮೆ ನಾನು ಹೇಳಿದ ಗಡಿ. ಟಿಪ್‌ಗೆ ಚೆನ್ನಾಗಿ ಚಾಕ್ ಹಚ್ಚಿ, ಪಟ್ಟೆಯ ಕೆಳಭಾಗಕ್ಕೆ ಸ್ಕ್ರೂ ಹೊಡೆಯಿರಿ, ಅಂದರೆ ಬಾಲು ಹಿಮ್ಮುಖವಾಗಿ ತಿರುಗುವ ಹೊಡೆತ. ಬಾಲನ್ನು ಎತ್ತಿ ನೋಡಿದರೆ ಸಣ್ಣ ನೀಲಿ ಚುಕ್ಕೆ ಕಾಣುತ್ತದೆ, ಎರಡು ಮೂರು ಮಿ.ಮೀ. ಅಗಲ. ಚುಕ್ಕೆ ದುಂಡಗೆ, ಪಟ್ಟೆಯ ಒಳಗೆ ಇದ್ದರೆ ಟಿಪ್ ಸರಿಯಾಗಿದೆ. ಚುಕ್ಕೆಯ ಬದಲು ಗೀರಿದ ಹಾಗೆ ಗೆರೆ ಬಿದ್ದಿದ್ದರೆ ಟಿಪ್ ಜಾರಿದೆ. ಪಟ್ಟೆಯ ಒಳಗೇ ಹೊಡೆದೂ ಗೆರೆ ಬೀಳುತ್ತಿದ್ದರೆ ಟಿಪ್ ಚಪ್ಪಟೆಯಾಗಿದೆ, ಇಲ್ಲವೇ ಹೊಳಪು ಬಂದು ಚಾಕ್ ಬಿಡುತ್ತಿದೆ.

ಇನ್ನು ಗಡಸಿನ ವಿಷಯ. ಸಾಫ್ಟ್ ಟಿಪ್‌ನಲ್ಲಿ ಸದ್ದು ಕಡಿಮೆ, ಕೈಗೆ ಮೆತ್ತಗೆ ಅನ್ನಿಸುತ್ತದೆ, ಚಾಕ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಬೇಗ ಕುಗ್ಗುತ್ತದೆ, ಅಂಚು ಫೆರುಲ್‌ನ (ಸ್ಟಿಕ್ಕಿನ ತುದಿಯಲ್ಲಿ ಟಿಪ್ ಕೂರುವ ಗಟ್ಟಿ ಬಳೆ) ಆಚೆಗೆ ಅಣಬೆ ತಲೆಯ ಹಾಗೆ ಉಬ್ಬುತ್ತದೆ, ಮತ್ತೆ ಮತ್ತೆ ಕತ್ತರಿಸಿ ಸರಿ ಮಾಡುತ್ತಿರಬೇಕು. ಹಾರ್ಡ್ ಟಿಪ್ ತಿಂಗಳುಗಟ್ಟಲೆ ಆಕಾರ ಬಿಡುವುದಿಲ್ಲ, ಆದರೆ ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ, ಆಗಾಗ ತರಿ ಮಾಡದಿದ್ದರೆ ಮಿಸ್‌ಕ್ಯೂ ಗ್ಯಾರಂಟಿ. ಮೀಡಿಯಂ ಎರಡರ ನಡುವೆ. ಗೊಂದಲ ಇದ್ದರೆ ಮೀಡಿಯಂ ಹಾಕಿಸಿ, ಆರು ತಿಂಗಳು ಆಡಿ, ಆಮೇಲೆ ಬೇಕಾದರೆ ಆಚೀಚೆ ಹೋಗಿ. ಒಂದು ಎಚ್ಚರಿಕೆ: ಒಂದು ಕಂಪನಿಯ ಸಾಫ್ಟ್ ಇನ್ನೊಂದು ಕಂಪನಿಯ ಮೀಡಿಯಂನಷ್ಟು ಗಟ್ಟಿ ಇರಬಹುದು. ಎಸ್, ಎಂ, ಎಚ್ ಅಕ್ಷರಗಳನ್ನು ಒಂದೇ ಬ್ರ್ಯಾಂಡಿನ ಒಳಗೆ ಮಾತ್ರ ಹೋಲಿಸಿ.

ನಮ್ಮ ಕಡೆ ಇದರಲ್ಲಿ ಇನ್ನೊಂದು ತೊಡಕಿದೆ. ಕರ್ನಾಟಕದಲ್ಲಿ ಮೊದಲಿನಿಂದ ಬೆಳೆದದ್ದು ಬಿಲಿಯರ್ಡ್ಸ್ ಮತ್ತು ಸ್ನೂಕರ್. ವಿಶ್ವ ಚಾಂಪಿಯನ್ ಪಂಕಜ್ ಅಡ್ವಾಣಿ ಕೋಚ್ ಅರವಿಂದ್ ಸಾವೂರ್ ಹತ್ತಿರ ಆಟ ಕಲಿತದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ. ಕ್ಲಬ್ಬುಗಳ ಮಾರ್ಕರ್‌ಗಳ (ಟೇಬಲ್, ಸ್ಕೋರ್ ನೋಡಿಕೊಳ್ಳುವವರು) ಕೈ ಪಳಗಿರುವುದೂ ಸ್ನೂಕರ್ ಸ್ಟಿಕ್ ಮೇಲೆಯೇ, ಮತ್ತು ಅವರಷ್ಟು ಅಚ್ಚುಕಟ್ಟಾಗಿ ಟಿಪ್ ಕೂರಿಸುವವರು ಬೇರೆ ಸಿಗುವುದು ಕಷ್ಟ. ಆದರೆ ಸಲಹೆ ಕೇಳಿದರೆ ಅದು ಸ್ನೂಕರ್ ಲೆಕ್ಕದಲ್ಲಿ ಬರುತ್ತದೆ: ಸಾಫ್ಟ್, ಒಂದೇ ತುಂಡಿನ ನೀಲಿ ಟಿಪ್. 52.5 ಮಿ.ಮೀ. ಬಾಲಿಗೆ, 9.5 ಮಿ.ಮೀ. ಟಿಪ್‌ಗೆ, ನಯವಾಗಿ ಆಡುವ ಆಟಕ್ಕೆ ಅದು ಸರಿ. ಪೂಲ್ ಬಾಲು ದೊಡ್ಡದು, ತೂಕ ಜಾಸ್ತಿ, ಜೋರು ಹೊಡೆತಗಳೂ ಜಾಸ್ತಿ. ಅಲ್ಲಿ ಅಷ್ಟು ಮೆತ್ತನೆ ಟಿಪ್ ಕೆಲವೇ ವಾರದಲ್ಲಿ ಚಪ್ಪಟೆಯಾಗುತ್ತದೆ. ಹಾಗಾಗಿ ಕೆಲಸ ಮಾರ್ಕರ್ ಕೈಯಲ್ಲೇ ಮಾಡಿಸಿ, ಟಿಪ್ ಮಾತ್ರ ನೀವೇ ಆರಿಸಿ ತಗೊಂಡು ಹೋಗಿ.

ಒಂದೇ ತುಂಡಿನದ್ದಾ, ಲೇಯರ್ ಇರುವುದಾ? ಒಂದೇ ತುಂಡಿನ ಟಿಪ್ ಅಂದರೆ ದಪ್ಪ ಚರ್ಮದಿಂದ ಕತ್ತರಿಸಿದ್ದು, ಎಲ್ಕ್ ಮಾಸ್ಟರ್, ಬ್ಲೂ ಡೈಮಂಡ್, ಟ್ರಯಾಂಗಲ್, ಲೆ ಪ್ರೋ ಇವೆಲ್ಲ ಆ ಜಾತಿ. ಅಗ್ಗ. ಆದರೆ ಪ್ರಾಣಿಯ ಚರ್ಮ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ, ಅದಕ್ಕೇ ಒಂದೇ ಡಬ್ಬಿಯಲ್ಲಿ ಮೆತ್ತಗಿನದೂ ಇರುತ್ತದೆ, ಕಲ್ಲಿನಂಥದ್ದೂ ಇರುತ್ತದೆ. ಆರಿಸಲು ಗೊತ್ತಿರುವವರು ಡಬ್ಬಿಯನ್ನೇ ತಂದು, ಒಂದೊಂದನ್ನೂ ಗಾಜಿನ ಮೇಲೋ ಗ್ರಾನೈಟ್ ಮೇಲೋ ಬೀಳಿಸಿ ಸದ್ದು ಕೇಳುತ್ತಾರೆ. ಚುರುಕಾದ ಟಕ್ ಸದ್ದು ಬಂದರೆ ಗಟ್ಟಿ, ಮಂಕಾಗಿ ಬಂದರೆ ಮೆತ್ತಗಿನದು. ಒಂದೇ ಸದ್ದಿನವನ್ನು ಬೇರೆ ತೆಗೆದಿಟ್ಟರೆ ವರ್ಷಾನುಗಟ್ಟಲೆ ಒಂದೇ ಥರದ ಟಿಪ್‌ನಲ್ಲಿ ಆಡಬಹುದು. ಅಮೆರಿಕದಲ್ಲಿ ಕೆಲವರು ಎಲ್ಕ್ ಮಾಸ್ಟರನ್ನು ಹಾಲಿನಲ್ಲಿ ನೆನೆಸಿ, ಒಣಗಿಸಿ, ವೈಸ್‌ನಲ್ಲಿ ಒತ್ತಿ ಗಟ್ಟಿ ಮಾಡಿಕೊಳ್ಳುತ್ತಾರೆ. ತಾಳ್ಮೆ ಇದ್ದವರಿಗೆ ಅದು ಒಳ್ಳೆಯ ದಾರಿ.

ಲೇಯರ್ ಟಿಪ್ ಅಂದರೆ ತೆಳು ಚರ್ಮದ ಪದರಗಳನ್ನು ಅಂಟಿಸಿ ಒತ್ತಿ ಮಾಡಿದ್ದು. ಕಮುಯಿ, ಮೂರಿ, ತಾಲಿಸ್ಮನ್ ಇಂಥವು. ಬಹುಪಾಲು ಹಂದಿ ಚರ್ಮ, ಅದು ಬೇಡ ಅನ್ನುವವರು ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಿ. ಒಳ್ಳೆಯ ಒಂದು ಟಿಪ್‌ಗೆ ಸಾವಿರ ರೂಪಾಯಿ ದಾಟುತ್ತದೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತೀರಾ ಕಡಿಮೆ, ಅಣಬೆ ಆಗುವುದೂ ಕಡಿಮೆ. ವಾರಕ್ಕೆ ಮೂರು ನಾಲ್ಕು ದಿನ ಆಡುವವರಾದರೆ ಲೇಯರ್ ಮೀಡಿಯಂ ತಗೊಳ್ಳಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಭಾನುವಾರ ಮಾತ್ರ ಆಡುವವರಿಗೆ ಅಷ್ಟು ದುಡ್ಡು ಬೇಡ, ಆರಿಸಿದ ಒಂದೇ ತುಂಡಿನ ಟಿಪ್ ಸಾಕು. ಅಂಗಡಿಯಲ್ಲಿ ಲೇಯರ್ ಟಿಪ್ ನೋಡುವಾಗ ಪಕ್ಕದಿಂದ ನೋಡಿ. ಪದರಗಳ ಗೆರೆ ಸಮವಾಗಿರಬೇಕು, ನಡುವೆ ಬಿರುಕು ಇರಬಾರದು, ಉಗುರಿನಿಂದ ಒತ್ತಿದರೆ ಪದರ ಬಿಡಬಾರದು. ದೊಡ್ಡ ಹೆಸರಿನ ಟಿಪ್ ನೂರಿನ್ನೂರಕ್ಕೆ ಸಿಗುತ್ತಿದ್ದರೆ ಅದು ನಕಲಿ.

ಅಳತೆ ಸುಲಭ. ಟಿಪ್ ಯಾವಾಗಲೂ ಫೆರುಲ್‌ಗಿಂತ ಕೂದಲಷ್ಟಾದರೂ ದೊಡ್ಡದಿರಬೇಕು, ಚಿಕ್ಕದು ತಂದರೆ ಏನೂ ಮಾಡಲಾಗುವುದಿಲ್ಲ. ಪೂಲ್ ಸ್ಟಿಕ್ ಸಾಮಾನ್ಯವಾಗಿ 12.75 ಅಥವಾ 13 ಮಿ.ಮೀ., ಈಗಿನ ಕಾರ್ಬನ್ ಶಾಫ್ಟ್‌ಗಳಲ್ಲಿ 12.4, 11.8 ಕೂಡ ಇವೆ. ವರ್ನಿಯರ್ ಇಲ್ಲದಿದ್ದರೆ ಫೆರುಲ್‌ಗೆ ಕಾಗದದ ಪಟ್ಟಿ ಸುತ್ತಿ, ಕೂಡುವಲ್ಲಿ ಗುರುತು ಮಾಡಿ, ಉದ್ದ ಅಳೆದು 3.14ರಿಂದ ಭಾಗಿಸಿ. ಸುತ್ತಳತೆ 41 ಮಿ.ಮೀ. ಹತ್ತಿರ ಬಂದರೆ 13 ಅಂತ ಲೆಕ್ಕ, 14 ಮಿ.ಮೀ. ಟಿಪ್ ತಂದು ಕತ್ತರಿಸಿಕೊಳ್ಳಿ.

ಬ್ರೇಕ್, ಅಂದರೆ ಆಟ ಶುರುಮಾಡುವ ಜೋರು ಹೊಡೆತ, ಹೊಡೆಯಲು ಬೇರೆ ಸ್ಟಿಕ್ ಇದ್ದರೆ ಅದಕ್ಕೆ ಹಾರ್ಡ್ ಹಾಕಿಸಿ. ಚರ್ಮ ಅಲ್ಲದ ಫಿನಾಲಿಕ್ ಟಿಪ್ ಕೂಡ ಸಿಗುತ್ತದೆ, ಆದರೆ ಕೆಲವು ಟೂರ್ನಮೆಂಟ್‌ಗಳಲ್ಲಿ ಅದಕ್ಕೆ ಅನುಮತಿ ಇಲ್ಲ, ಮೊದಲು ನಿಯಮ ಕೇಳಿಕೊಳ್ಳಿ. ಒಂದೇ ಸ್ಟಿಕ್‌ನಲ್ಲಿ ಬ್ರೇಕೂ ಆಟವೂ ಅಂದರೆ ಸಾಫ್ಟ್ ಕಡೆ ಹೋಗಲೇಬೇಡಿ.

ಹಾಕಿಸುವಾಗ ಎದುರಿಗೇ ನಿಂತು ಎರಡು ವಿಷಯ ನೋಡಿ. ಒಂದು, ಫೆರುಲ್‌ನ ಮುಖ ಮತ್ತು ಟಿಪ್‌ನ ತಳ ಎರಡೂ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಪೂರ್ತಿ ಸಮ ಆಗಿರಬೇಕು, ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು. ಎರಡು, ಅಂಟು. ನೀರಿನಂತೆ ಹರಿಯುವ ಸೂಪರ್ ಗ್ಲೂ ಹಾಕಿದರೆ ಅದು ಚರ್ಮದೊಳಗೆ ಇಂಗಿ, ನೀವು ದುಡ್ಡು ಕೊಟ್ಟು ತಂದ ಮೀಡಿಯಂ ಟಿಪ್ ತಳದಿಂದಲೇ ಕಲ್ಲಾಗುತ್ತದೆ. ಜೆಲ್ ಥರದ ಸೂಪರ್ ಗ್ಲೂ ಒಂದು ತೆಳು ಪದರ ಸಾಕು. ಪಾರ್ಲರ್ ಸ್ಟಿಕ್‌ಗಳಲ್ಲಿ ಇರುವ ತಿರುಗಿಸಿ ಹಾಕುವ ಸ್ಕ್ರೂ ಟಿಪ್ ಸ್ವಂತ ಸ್ಟಿಕ್‌ಗೆ ಬೇಡ, ಆಡುತ್ತಾ ಆಡುತ್ತಾ ಸಡಿಲವಾಗುತ್ತದೆ.

ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಉಡುಪಿ, ಕಾರವಾರದ ಕಡೆ, ಚರ್ಮ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಸ್ಟಿಕ್ ಕೇಸಿನೊಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಸ್ಟಿಕ್ ಬಿಡಬೇಡಿ, ಅಂಟೂ ಬಿಡುತ್ತದೆ, ಮರವೂ ಸೊಟ್ಟಗಾಗುತ್ತದೆ.

ಟಿಪ್‌ನ ಪಕ್ಕದ ಗೋಡೆ ಒಂದೂವರೆ ಮಿ.ಮೀ.ಗಿಂತ ಕಡಿಮೆ ಆದಾಗ ಬದಲಾಯಿಸಿ, ಇಲ್ಲದಿದ್ದರೆ ಪೆಟ್ಟು ನೇರ ಫೆರುಲ್‌ಗೆ ಬೀಳುತ್ತದೆ. ಫೆರುಲ್ ಒಡೆದರೆ ಖರ್ಚು ಬೇರೆಯೇ. ಕೊಳ್ಳುವಾಗಲೇ ಅದೇ ಬ್ರ್ಯಾಂಡ್, ಅದೇ ಗ್ರೇಡಿನ ಎರಡು ತಗೊಂಡು ಒಂದನ್ನು ಕೇಸಿನಲ್ಲಿಟ್ಟಿರಿ. ಮ್ಯಾಚಿನ ಹಿಂದಿನ ರಾತ್ರಿ ಹೊಸ ಟಿಪ್ ಹಾಕಿಸುವುದು ಬೇಡ. ಹೊಸ ಚರ್ಮ ಮೊದಲ ಕೆಲವು ಗಂಟೆಗಳ ಆಟದಲ್ಲಿ ಒತ್ತಿ ಕೂರುತ್ತದೆ, ಅದಾದ ಮೇಲೆ ಮತ್ತೊಮ್ಮೆ ನಾಣ್ಯ ಇಟ್ಟು ನೋಡಿ, ಬಾಗು ತಪ್ಪಿದ್ದರೆ ಶೇಪರ್‌ನಿಂದ ಸರಿ ಮಾಡಿಕೊಳ್ಳಿ.