ಆಮೆಯ ನೀರು ಎಲ್ಲಿಗೆ ಹೋಗುತ್ತಿತ್ತು

“ಮನೆಯಲ್ಲಿ ಪ್ರಾಣಿ ಏನಾದರೂ ಸಾಕಿದ್ದೀರೇನಮ್ಮಾ?” ಎಂದು ಮಕ್ಕಳ ವೈದ್ಯರು ಕೇಳಿದಾಗ ಇಲ್ಲ ಎಂದೆ. ನಾಯಿಯಿಲ್ಲ, ಬೆಕ್ಕಿಲ್ಲ, ಕೋಳಿಯಿಲ್ಲ. ಹದಿನಾಲ್ಕು ತಿಂಗಳ ಮಗಳು ಮೂರು ದಿನಗಳ ಜ್ವರ, ಭೇದಿಯಿಂದ ಸೊರಗಿ ನನ್ನ ಹೆಗಲಿಗೆ ಒರಗಿದ್ದಳು. ಆ ದಿನ ಬೆಳಿಗ್ಗೆ ಮಲದಲ್ಲಿ ರಕ್ತದ ಎಳೆ ಕಂಡಿತ್ತು. ಪಕ್ಕದಲ್ಲಿ ನಿಂತಿದ್ದ ಒಂಬತ್ತು ವರ್ಷದ ಮಗ, “ಅವ್ವಾ, ನಮ್ಮ ಆಮೆ ಇದೆಯಲ್ಲ” ಎಂದ. ವೈದ್ಯರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

ಮಲದಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಯ ವರದಿಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಬಂತು.

ಅದು ಕೆಂಪು ಕಿವಿಯ ಆಮೆ. ಮಗನ ಹುಟ್ಟುಹಬ್ಬಕ್ಕೆ ಅವನ ಕಾಕಾ ಅಕ್ವೇರಿಯಂ ಅಂಗಡಿಯಿಂದ ತಂದುಕೊಟ್ಟಾಗ ಅಂಗೈಯ ನಡುವೆ ಕೂರುವಷ್ಟಿತ್ತು. ಕೂರ್ಮಾವತಾರ, ಮನೆಗೆ ಒಳ್ಳೆಯದು ಎಂದು ಅತ್ತೆಯವರೂ ಸಂತೋಷಪಟ್ಟಿದ್ದರು. ಅಷ್ಟು ಚಿಕ್ಕ ಆಮೆಗಳನ್ನೇ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತವೆ ಎಂದು ಅಮೆರಿಕವು ನಾಲ್ಕು ಅಂಗುಲಕ್ಕಿಂತ ಕಿರಿದಾದ ಚಿಪ್ಪಿನ ಆಮೆಗಳ ಮಾರಾಟವನ್ನು 1975ರಲ್ಲಿಯೇ ನಿಷೇಧಿಸಿತು ಎಂಬುದು ನನಗೆ ತಿಳಿದದ್ದು ಮಗಳು ಮಲಗಿದ ಮೇಲೆ.

“ಆಮೆ ಚೆನ್ನಾಗಿಯೇ ಇದೆಯಲ್ಲ, ಮೇಲಾಗಿ ಮಗು ಅದನ್ನು ಒಮ್ಮೆಯೂ ಮುಟ್ಟಿಲ್ಲ” ಎಂದು ನಾನು ವಾದಿಸಿದೆ. ವೈದ್ಯರು ತಾಳ್ಮೆಯಿಂದ ವಿವರಿಸಿದರು. ಆಮೆ, ಹಲ್ಲಿ, ಓತಿ, ಹಾವುಗಳ ಕರುಳಿನಲ್ಲಿ ಈ ರೋಗಾಣು ಸಹಜವಾಗಿ ಇರುತ್ತದೆ; ಅವುಗಳಿಗೆ ಏನೂ ಆಗುವುದಿಲ್ಲ. ಮಲದಲ್ಲಿ ಒಂದು ದಿನ ಹೊರಬೀಳುತ್ತದೆ, ಇನ್ನೊಂದು ದಿನ ಇಲ್ಲ. ಆದ್ದರಿಂದ ಒಮ್ಮೆ ಪರೀಕ್ಷೆ ಮಾಡಿಸಿ, ಇಲ್ಲವೆಂದು ಬಂದರೂ ನಂಬುವಂತಿಲ್ಲ. ಔಷಧಿ ಹಾಕಿ ಆಮೆಯನ್ನು ಶುದ್ಧಗೊಳಿಸಲೂ ಆಗದು. ದೊಡ್ಡವರಿಗೆ ಕೆಲವು ದಿನಗಳ ಹೊಟ್ಟೆನೋವು, ಭೇದಿಯಲ್ಲಿ ಮುಗಿಯಬಹುದಾದದ್ದು ಎಳೆಯ ಮಕ್ಕಳಲ್ಲಿ ರಕ್ತಕ್ಕೆ, ಮಿದುಳಿನ ಪೊರೆಗೆ ಇಳಿಯಬಲ್ಲದು. ಕೊನೆಗೆ ಅವರು ಕೇಳಿದ್ದು ಇಷ್ಟೇ: “ತೊಟ್ಟಿಯ ನೀರನ್ನು ಎಲ್ಲಿ ಚೆಲ್ಲುತ್ತೀರಿ?”

ನಾನು ಚೆಲ್ಲುತ್ತಲೇ ಇರಲಿಲ್ಲ. ವಿಜಯಪುರದ ನಮ್ಮ ಓಣಿಯಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ. ಬಂದ ದಿನ ಕೊಡ, ಡ್ರಮ್ಮು, ಪಾತ್ರೆಗಳನ್ನೆಲ್ಲ ತುಂಬಿಕೊಳ್ಳುವ ನಮಗೆ ಒಂದು ತಂಬಿಗೆ ನೀರು ಹಾಳುಮಾಡಿದರೂ ಹೊಟ್ಟೆ ಚುರ್ರೆನ್ನುತ್ತದೆ. ಆಮೆಯ ತೊಟ್ಟಿಯ ನೀರು ಗಿಡಕ್ಕೆ ಒಳ್ಳೆಯ ಗೊಬ್ಬರವೆಂದು ಹಿತ್ತಲಿನ ಕೊತ್ತಂಬರಿ ಮಡಿಗೆ, ತುಳಸಿಗೆ ಹಾಕುತ್ತಿದ್ದೆ. ಅದೇ ಕೊತ್ತಂಬರಿಯನ್ನು ಹಸಿಯಾಗಿಯೇ ಹೆಚ್ಚಿ ಸಾರಿನ ಮೇಲೆ ಉದುರಿಸುತ್ತಿದ್ದೆ. ಮಗಳಿಗೆ ನೆಗಡಿಯಾದಾಗ ಅತ್ತೆಯವರು ಅದೇ ತುಳಸಿಯ ಎಲೆ ಹಿಂಡಿ ರಸ ಕುಡಿಸಿದ್ದರು. ತೊಟ್ಟಿಯನ್ನು ತೊಳೆಯುತ್ತಿದ್ದುದು ಅಡುಗೆಮನೆಯ ಸಿಂಕಿನಲ್ಲಿ. ನೀರು ತೋಡುತ್ತಿದ್ದ ಮಗ್ಗಿನಿಂದಲೇ ಮಗಳಿಗೆ ಸ್ನಾನ. ಚಳಿಗಾಲದಲ್ಲಿ ಆಮೆಯನ್ನು ಬಿಸಿಲಿಗೆ ಬಿಡುತ್ತಿದ್ದ ಅಂಗಳದಲ್ಲಿಯೇ ಮಗಳು ಅಂಬೆಗಾಲಿಡುತ್ತಿದ್ದಳು.

ಆಮೆಯಿಂದಲೇ ಬಂತೆಂದು ಸಾಬೀತುಪಡಿಸುವ ಪರೀಕ್ಷೆಯನ್ನು ನಾವು ಮಾಡಿಸಲಿಲ್ಲ. ಆದರೆ ಇಷ್ಟು ದಾರಿಗಳು ತೆರೆದಿದ್ದವು, ಒಂದನ್ನೂ ನಾನು ಕಂಡಿರಲಿಲ್ಲ. ಮುಟ್ಟದಂತೆ ನೋಡಿಕೊಂಡರೆ ಸಾಕು ಎಂದು ತಿಳಿದಿದ್ದೆ.

ಐದು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಇಂಥ ಪ್ರಾಣಿ ಇರಬಾರದು ಎಂದು ವೈದ್ಯರು ನೇರವಾಗಿ ಹೇಳಿದರು. ಮಗನ ಮುಖ ನೋಡಿ ತಕ್ಷಣ ಮನಸ್ಸಾಗಲಿಲ್ಲ. ಬೇರೆ ಮನೆ ಸಿಗುವವರೆಗೆ ಆಮೆಯನ್ನು ಮಾಳಿಗೆಯ ಕೋಣೆಗೆ ಸಾಗಿಸಿ, ಬಾಗಿಲಿಗೆ ಮೇಲುಗಡೆ ಚಿಲಕ ಹಾಕಿಸಿದೆವು. ಅದಕ್ಕೆಂದೇ ಕೆಂಪು ಬಕೆಟ್, ಕೆಂಪು ಮಗ್, ಒಂದು ಬ್ರಷ್ ತಂದೆ. ಅವು ಕೆಳಗೆ ಇಳಿಯುವಂತಿಲ್ಲ. ಕೊಳೆ ನೀರೆಲ್ಲ ಮಾಳಿಗೆಯ ಶೌಚಾಲಯಕ್ಕೆ. ತೊಟ್ಟಿಯ ಲೋಳೆಯನ್ನು ಮೊದಲು ಉಜ್ಜಿ ತೆಗೆಯದೆ ಬ್ಲೀಚಿಂಗ್ ಪುಡಿಯ ನೀರು ಹಾಕಿದರೆ ಪ್ರಯೋಜನವಿಲ್ಲ, ಲೋಳೆಯ ಅಡಿಯಲ್ಲಿ ರೋಗಾಣು ಉಳಿದುಬಿಡುತ್ತದೆ. ಉಜ್ಜಿ, ಬ್ಲೀಚ್ ಹಾಕಿ, ಚೆನ್ನಾಗಿ ತೊಳೆದು ಬಿಸಿಲಿಗಿಟ್ಟ ಮೇಲೆಯೇ ಆಮೆಗೆ ಹೊಸ ನೀರು. ಇದು ನನ್ನ ಕೆಲಸ, ಮಗನದಲ್ಲ. ಅವನು ಕಾಳು ಹಾಕಿ ಬಂದ ಮೇಲೆ ಸಾಬೂನು ಹಚ್ಚಿ ಇಪ್ಪತ್ತರವರೆಗೆ ಎಣಿಸುತ್ತ ಕೈ ತಿಕ್ಕಬೇಕು, ಅಂಗಿ ಬದಲಿಸಬೇಕು, ಆಮೇಲೆಯೇ ತಂಗಿಯನ್ನು ಎತ್ತಿಕೊಳ್ಳಬೇಕು. ಆಮೆಗೆ ಮುತ್ತಿಡುವುದು ಬಂದ್. ಅದಕ್ಕೆ ಅವನು ಅತ್ತ.

ಭೂತನಾಳ ಕೆರೆಗೆ ಬಿಟ್ಟುಬಿಡಿ ಎಂದವರು ಅನೇಕರು. ನಾನು ಒಪ್ಪಲಿಲ್ಲ. ಇದು ನಮ್ಮ ನೆಲದ ಆಮೆಯಲ್ಲ, ಅಮೆರಿಕದ್ದು. ಕೆರೆಗೆ ಬಿದ್ದರೆ ನಮ್ಮ ಆಮೆಗಳ ಆಹಾರಕ್ಕೂ ಜಾಗಕ್ಕೂ ಪೈಪೋಟಿಗೆ ನಿಲ್ಲುತ್ತದೆ. ಹಾಗಾದರೆ ಇದರ ಬದಲು ನಕ್ಷತ್ರ ಆಮೆ ಸಾಕಿ ಎಂದು ಒಬ್ಬರು ಹೇಳಿದರು. ಅದನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ರೋಗಾಣುವಿನ ಮಾತು ಅದಕ್ಕೂ ಅನ್ವಯಿಸುತ್ತದೆ.

ಮೂರು ವಾರಗಳಾದ ಮೇಲೆ ಜಮಖಂಡಿಯಿಂದ ನನ್ನ ತಮ್ಮ ಬಂದ. ಅವನ ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ, ಮುಪ್ಪಿನವರೂ ಇಲ್ಲ. ಕೆಂಪು ಬಕೆಟ್, ಮಗ್, ಬ್ರಷ್ ಎಲ್ಲವನ್ನೂ ಆಮೆಯ ಜೊತೆಗೇ ಕಳಿಸಿದೆ. ತಂಗಿಗೆ ಐದು ತುಂಬಿದ ಮೇಲೆ ಮರಳಿ ತರುವುದೆಂದು ಮಗನಿಗೆ ಮಾತು ಕೊಟ್ಟಿದ್ದೇವೆ; ಈ ಆಮೆಗಳು ಇಪ್ಪತ್ತು ಮೂವತ್ತು ವರ್ಷ ಬದುಕುವುದರಿಂದ ಆ ಮಾತನ್ನು ಉಳಿಸಿಕೊಳ್ಳಬಹುದು. ಮಗಳು ಚೇತರಿಸಿಕೊಂಡಿದ್ದಾಳೆ. ಹಳೆಯ ಕೊತ್ತಂಬರಿ ಮಡಿಯನ್ನು ಅಗೆದು ತೆಗೆದೆ. ತುಳಸಿಯನ್ನು ಕೀಳಲು ಅತ್ತೆಯವರು ಬಿಡಲಿಲ್ಲ. ಪೂಜೆಗೆ ಅದು ಇರಲಿ, ಮಗುವಿನ ಔಷಧಿಗೆ ಬೇರೆ ಕುಂಡದಲ್ಲಿ ಹೊಸ ಸಸಿ ಇಡೋಣ ಎಂದು ಅವರೇ ಹೇಳಿದರು. ಅದಕ್ಕೆ ಈಗ ಕುಡಿಯುವ ನೀರನ್ನೇ ಹಾಕುತ್ತಿದ್ದೇನೆ.