ಕೆಸರುಗುಂಡಿ ನೀರಿಗೆ ಚಿಟಿಕೆ ಪಟಿಕ: ಎಲ್ಕ್ ಬೇಟೆಯಲ್ಲಿ ನನ್ನ ಅನುಭವ

ಕೊಲರಾಡೊದ ಸ್ಯಾನ್ ಹ್ವಾನ್ ಬೆಟ್ಟಗಳ ಏಣುಗಳ ಮೇಲೆ ಸೆಪ್ಟೆಂಬರ್ ಹೊತ್ತಿಗೆ ಹರಿಯೋ ನೀರು ಅಪರೂಪ. ಸಿಗೋದು ದನಗಳಿಗೆ ಕಟ್ಟಿದ ಕಟ್ಟೆ, ಇಲ್ಲಾ ಎಲ್ಕ್ ಅನ್ನೋ ದೊಡ್ಡ ಜಿಂಕೆ ಹೊರಳಾಡಿ ಬಿಟ್ಟ ಗುಂಡಿ. ಆ ಚಹಾ ಬಣ್ಣದ ನೀರನ್ನು ನೇರವಾಗಿ ಸಾಯರ್ ಸ್ಕ್ವೀಜ್ ಅನ್ನೋ, ಚೀಲ ಹಿಂಡಿ ನೀರು ಸೋಸೋ ಫಿಲ್ಟರ್‌ಗೆ ಹಾಕಿದರೆ ಎರಡನೇ ಲೀಟರಿಗೇ ಕಟ್ಟಿಕೊಳ್ಳುತ್ತೆ. ಸಿಟ್ಟಿನಲ್ಲಿ ಹಿಂಡಿದರೆ ಚೀಲದ ಅಂಚು ಬಿಟ್ಟುಕೊಳ್ಳುತ್ತೆ. ಮೂರು ಚೀಲ ಹೀಗೇ ಹೋದವು.

ಕೆಸರನ್ನು ಮೊದಲೇ ತಳಕ್ಕೆ ಇಳಿಸೋಕೆ ನಾನು ಪಟಿಕ ತಂದಾಗ "ಕ್ಷೌರದಂಗಡಿ ಕಲ್ಲು ಹಿಡ್ಕೊಂಡು ಬೇಟೆಗೆ ಬಂದಿದ್ದಾನೆ" ಅಂತ ನಕ್ಕವರು ಈಗ ತಾವೇ ಡಬ್ಬಿಯಲ್ಲಿ ತರ್ತಾರೆ. ಗ್ರ್ಯಾಂಡ್ ಕ್ಯಾನಿಯನ್‌ನ ದೋಣಿಯವರೂ ನದಿಯ ಕೆಂಪು ನೀರಿಗೆ ಇದನ್ನೇ ಹಾಕೋದು.

ನಾಲ್ಕು ಲೀಟರ್ ಚೀಲಕ್ಕೆ ಟೀ ಚಮಚದ ಎಂಟನೇ ಒಂದು ಭಾಗ ಪುಡಿ ಸಾಕು. ಮೊದಲು ಒಂದು ಗುಟುಕು ನೀರಲ್ಲಿ ಕರಗಿಸಿ ಸುರಿದು, ಒಂದು ನಿಮಿಷ ಜೋರಾಗಿ, ಆಮೇಲೆ ಐದು ನಿಮಿಷ ನಿಧಾನಕ್ಕೆ ಕಲಕಬೇಕು. ಒಡೆದ ಹಾಲಿನ ಹಾಗೆ ಗಸಿ ಕಟ್ಟುತ್ತೆ. ಅರ್ಧ ಗಂಟೆ ಅಲುಗಾಡಿಸದೆ ಬಿಟ್ಟು, ಮೇಲಿನ ತಿಳಿಯನ್ನು ನಾಲ್ಕು ಮಡಿಕೆ ಹಳೇ ಪಂಚೆಯಲ್ಲಿ ಬಸಿದರೆ ಆಯ್ತು. ತಳದ ಎರಡು ಬೆರಳು ನೀರಿನ ಮೇಲೆ ಆಸೆ ಬೇಡ. ಜಾಸ್ತಿ ಸುರಿದರೆ ನಾಲಿಗೆ ಒಗರು. ಹಿಮ ಕರಗಿದ ನೀರಲ್ಲಿ ಕ್ಷಾರ ಕಡಿಮೆ, ಗಸಿ ಕಟ್ಟೋದೇ ಇಲ್ಲ. ಚಿಟಿಕೆ ಅಡುಗೆ ಸೋಡ ಹಾಕಿ.

ಪಟಿಕ ಕ್ರಿಮಿ ಕೊಲ್ಲಲ್ಲ. ದನ ಓಡಾಡೋ ಕಡೆ ಜಿಯಾರ್ಡಿಯ, ಕ್ರಿಪ್ಟೊ (ಕ್ರಿಪ್ಟೊಸ್ಪೊರಿಡಿಯಂ) ಅನ್ನೋ ಹೊಟ್ಟೆ ಕೆಡಿಸೋ ಕ್ರಿಮಿಗಳು ಇದ್ದೇ ಇರುತ್ತವೆ, ಫಿಲ್ಟರ್ ದಾಟಿಸಲೇಬೇಕು. ಸೋಸಬೇಕಾದ ನೀರಿನ ಚೀಲಕ್ಕೆ ಫಿಲ್ಟರ್ ಸಿಕ್ಕಿಸಿ ತಲೆಮಟ್ಟದ ಕೊಂಬೆಗೆ ನೇತುಹಾಕಿದರೆ ಐದಾರು ನಿಮಿಷಕ್ಕೆ ಒಂದು ಲೀಟರ್ ಇಳಿಯುತ್ತೆ, ಹಿಂಡೋ ಕೆಲಸವೇ ಇಲ್ಲ. ಕ್ಲೋರಿನ್ ಡೈಆಕ್ಸೈಡ್ ಮಾತ್ರೆಯಾದರೆ ಕ್ರಿಪ್ಟೊಗೆ ನಾಲ್ಕು ಗಂಟೆ ಕಾಯಬೇಕು. ಬೆಳಗಿನ ಜಾವ ಯಾರಿಗಿದೆ ಅಷ್ಟು ಪುರುಸೊತ್ತು? ಹಸಿರು ಬಣ್ಣ ಸುರಿದ ಹಾಗೆ ಕೆನೆ ಕಟ್ಟಿದ ಕಟ್ಟೆಯನ್ನಂತೂ ಮುಟ್ಟಬೇಡಿ, ಆ ಪಾಚಿಯ ವಿಷ ಕುದಿಸಿದರೂ ಹೋಗಲ್ಲ.

ನುಗ್ಗೆ ಬೀಜದ ಪುಡಿಯನ್ನೂ ನೋಡಿದ್ದಾಯ್ತು. ನೀರು ಚೆನ್ನಾಗಿಯೇ ತಿಳಿಯಾಗುತ್ತೆ, ಮಾರನೇ ದಿನಕ್ಕೆ ವಾಸನೆ ಹೊಡೆಯುತ್ತೆ.

ದುಡ್ಡು ಹೋಗಿದ್ದು ಚಳಿಗೆ. ತಲಾ ನಲವತ್ತು ಡಾಲರ್ ಆಸುಪಾಸಿನ ಎರಡು ಫಿಲ್ಟರ್ ರಾತ್ರಿ ಹೊರಗೇ ಉಳಿದು ಹೆಪ್ಪುಗಟ್ಟಿದವು. ಒಳಗಿನ, ನೀರು ಸೋಸೋ ಎಳೆ ಸೀಳಿದ್ದು ಕಣ್ಣಿಗೆ ಕಾಣಲ್ಲ, ನೀರು ಸರಾಗವಾಗಿಯೇ ಬರುತ್ತೆ, ಹೊಟ್ಟೆ ಕೆಟ್ಟಾಗಲೇ ಗೊತ್ತಾಗೋದು. ಈಗ ಜಿಪ್ ಚೀಲದಲ್ಲಿ ಹಾಕಿ ಮಲಗುಚೀಲದೊಳಗೆ ಕಾಲಬುಡದಲ್ಲಿ ಇಟ್ಟುಕೊಳ್ಳೋದು. ಫಿಲ್ಟರ್ ಬಾಯಿಯ ರಬ್ಬರ್ ವಾಷರ್ ಬಿದ್ದುಹೋದರೆ ಕೊಳಕು ನೀರು ತಿರುಪಿನ ಪಕ್ಕದಿಂದಲೇ ಸೋರಿ ಶುದ್ಧ ಬಾಟಲಿಗೆ ಇಳಿಯುತ್ತೆ. ಎರಡು ಹೆಚ್ಚಿಗೆ ಇರಲಿ.

ಬೆನ್ನ ಮೇಲೆ ಎರಡು ಲೀಟರಿಗಿಂತ ಜಾಸ್ತಿ ಬೇಡ. ಎಲ್ಕ್ ಬಿದ್ದರೆ ಹಿಂದೊಡೆ ಒಂದೇ ಇಪ್ಪತ್ತೈದು ಮೂವತ್ತು ಕಿಲೋ ತೂಗುತ್ತೆ. ಇನ್ನು ನಾಲ್ಕು ಲೀಟರ್ ಏಣಿನ ಮೇಲೆ ಮೊದಲೇ ಬಚ್ಚಿಟ್ಟಿರ್ತೀನಿ, ಬಾಟಲಿ ತಲೆಕೆಳಗಾಗಿ. ಮಂಜುಗಡ್ಡೆ ಮೇಲಿಂದ ಕಟ್ಟೋದರಿಂದ ಮುಚ್ಚಳ ಬಿಚ್ಚೋಕೆ ಬರುತ್ತೆ. ನನ್ನ ಒರತೆ ಎಲ್ಲಿದೆ ಅಂತ ಮಾತ್ರ ಕೇಳಬೇಡಿ.