ಮಳೆಯಲ್ಲಿ ಗಾಳ, ಮಳೆಯಲ್ಲಿ ಕಯಾಕ್: ರೇನ್‌ಕೋಟ್ ಆರಿಸುವುದು ಹೇಗೆ?

ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಹಾಗಾಗಿ ಇಲ್ಲಿ ಪ್ರತಿ ಮನೆಯಲ್ಲೂ ಒಂದು ರೇನ್‌ಕೋಟ್ ಇದ್ದೇ ಇರುತ್ತದೆ, ಅಲ್ವಾ? ಆದರೆ ಅದು ಸ್ಕೂಟರ್‌ಗೆಂದು ತಂದ ರೇನ್‌ಕೋಟ್. ಅದನ್ನೇ ಹಾಕಿಕೊಂಡು ಅಳಿವೆಯಲ್ಲಿ ಗಾಳ ಹಾಕಲು ಹೋಗುತ್ತಾರೆ. ಅದನ್ನೇ ಹಾಕಿಕೊಂಡು ಕಯಾಕ್ (ಹುಟ್ಟು ಹಾಕಿ ಸಾಗುವ ಕಿರಿದಾದ ಸಣ್ಣ ದೋಣಿ) ಕೂಡ ಹತ್ತುತ್ತಾರೆ. ಗಾಳ ಹಾಕುವವರಿಗೆ ಇದರಿಂದ ಆಗುವುದು ಕಿರಿಕಿರಿ ಮಾತ್ರ. ಕಯಾಕ್‌ನಲ್ಲಿ ಕೂತವರಿಗೆ ಇದು ಪ್ರಾಣಕ್ಕೇ ತೊಂದರೆ ತರಬಹುದು.

ಮೊದಲು: ನೀವು ಎಲ್ಲಿರುತ್ತೀರಿ?

ಅಂಗಡಿಗೆ ಹೋಗುವ ಮೊದಲೇ ಇದನ್ನು ತೀರ್ಮಾನ ಮಾಡಿ. ಕಾಳಿ ನದಿಯ ದಡದಲ್ಲೋ ಕಡಲ ಬಂಡೆಯ ಮೇಲೋ ನಿಂತು ಗಾಳ ಹಾಕುವವರಿಗೆ ನೀರು ಬರುವುದು ಮೇಲಿಂದ ಮತ್ತು ಪಕ್ಕದಿಂದ. ತುಂಬಾ ಹೊತ್ತು ಒಂದೇ ಕಡೆ ನಿಲ್ಲುವುದರಿಂದ ಮೈ ಬಿಸಿಯಾಗುವುದಿಲ್ಲ. ಇವರಿಗೆ ಬೇಕಾದದ್ದು ದಪ್ಪ, ಉದ್ದ, ಪೂರ್ತಿ ಮುಚ್ಚುವ ಬಟ್ಟೆ.

ಕಯಾಕ್‌ನಲ್ಲಿ ಕೂತವರ ಕಥೆಯೇ ಬೇರೆ. ಕೆಳಗೆ ನೀರು, ಮೇಲೆ ಮಳೆ. ಹುಟ್ಟು ಎತ್ತಿದಾಗೆಲ್ಲ ತೋಳಿನೊಳಗೆ ನೀರು ಇಳಿಯುತ್ತದೆ. ತೋಳು ಸುಮ್ನೆ ಇರುವುದಿಲ್ಲವಾದ್ದರಿಂದ ಬೆವರೂ ಜಾಸ್ತಿ. ಎಲ್ಲಕ್ಕಿಂತ ಮುಖ್ಯವಾಗಿ, ಕಯಾಕ್ ಮಗುಚಬಹುದು. ಇವರು ಬಟ್ಟೆ ಆರಿಸುವಾಗ ಆಕಾಶವನ್ನಲ್ಲ, ನೀರನ್ನು ನೋಡಬೇಕು. ಈ ಬಟ್ಟೆಯಲ್ಲಿ ನೀರಿಗೆ ಬಿದ್ದರೆ ಕೈಕಾಲು ಆಡಿಸಿ ತೇಲಲು ಆಗುತ್ತದಾ? ಆಗುವುದಿಲ್ಲ ಎಂದರೆ ಆ ಬಟ್ಟೆ ಎಷ್ಟೇ ಚೆನ್ನಾಗಿರಲಿ, ಕಯಾಕ್‌ಗೆ ಬೇಡ.

ನಮ್ಮಲ್ಲಿ ಚಳಿ ಎಲ್ಲಿದೆ?

ಈ ಪ್ರಶ್ನೆ ಸಹಜ. ಕಾರವಾರದಲ್ಲಿ ಜುಲೈ ತಿಂಗಳಲ್ಲೂ ಉಷ್ಣಾಂಶ 23–24 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಆದರೆ ಮೈ ಒದ್ದೆಯಾಗಿ ಗಾಳಿ ಬೀಸಿದರೆ ಆ 24 ಡಿಗ್ರಿಯಲ್ಲೇ ಹಲ್ಲು ಕಟಕಟ ಅನ್ನುತ್ತದೆ. ಗಾಳಿಗೆ ಹೋಲಿಸಿದರೆ ನೀರು ಸುಮಾರು 25 ಪಟ್ಟು ಬೇಗ ಶಾಖವನ್ನು ಎಳೆದುಕೊಳ್ಳುತ್ತದೆ. ಇನ್ನು ಘಟ್ಟ ಹತ್ತಿದರೆ ನಿಜವಾದ ಚಳಿಯೇ ಸಿಗುತ್ತದೆ. ದಾಂಡೇಲಿ, ಗಣೇಶಗುಡಿ ಕಡೆ ಡಿಸೆಂಬರ್ ಬೆಳಗ್ಗೆ ಕಾಳಿಯ ಮೇಲೆ ಮಂಜು ಕವಿದಿರುತ್ತದೆ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿಂದಿನಿಂದ ಹರಿದು ಬರುವ ಆ ನೀರು ತಣ್ಣಗಿರುತ್ತದೆ.

ಚಳಿ ಮೊದಲು ಹಿಡಿಯುವುದು ಬೆರಳನ್ನು. ಗಾಳದ ಗಂಟು ಹಾಕಲಾಗುವುದಿಲ್ಲ, ಹುಟ್ಟಿನ ಹಿಡಿತ ಸಡಿಲವಾಗುತ್ತದೆ. ಆಮೇಲೆ ನಡುಕ ಶುರು. ನಡುಗುತ್ತಿದ್ದವರ ಮಾತು ತೊದಲಲು ಶುರುವಾದರೆ, ಹೇಳಿದ್ದು ಅರ್ಥವಾಗದಂತೆ ನೋಡಿದರೆ, ತಕ್ಷಣ ದಡಕ್ಕೆ ಕರೆತನ್ನಿ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಆಸ್ಪತ್ರೆಯ ವಿಷಯ.

ಬಟ್ಟೆ ಯಾವುದು?

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಮೂರು ಬಗೆ. ದಪ್ಪ ಪಿವಿಸಿ, ಒಳಗೆ ಲೇಪ ಬಳಿದ ನೈಲಾನ್ ಅಥವಾ ಪಾಲಿಯೆಸ್ಟರ್, ಮತ್ತು ಗೋರ್‌ಟೆಕ್ಸ್ ಥರದ ಉಸಿರಾಡುವ ಪೊರೆ ಇರುವ ಜಾಕೆಟ್.

ಎರಡನೆಯ, ಮೂರನೆಯ ಬಗೆಯ ಲೇಬಲ್ ಮೇಲೆ 5,000 ಮಿ.ಮೀ., 10,000 ಮಿ.ಮೀ. ಎಂದು ಬರೆದಿರುತ್ತದೆ. ಅಷ್ಟು ಮಿಲಿಮೀಟರ್ ಎತ್ತರದ ನೀರಿನ ಕಂಬದ ಒತ್ತಡವನ್ನು ಬಟ್ಟೆ ತಡೆಯುತ್ತದೆ ಎಂದು ಅದರ ಅರ್ಥ. ಊರಿನ ಮಳೆಯ ಅಳತೆಗೂ ಈ ಸಂಖ್ಯೆಗೂ ಸಂಬಂಧವಿಲ್ಲ. ತುಂತುರಿಗೆ 5,000 ಸಾಕು. ನಮ್ಮ ಆಷಾಢದ ಮಳೆಗೆ 10,000ಕ್ಕಿಂತ ಕಡಿಮೆ ಬೇಡ. ಕೂತ ಜಾಗದಲ್ಲಿ, ಬ್ಯಾಗ್ ಪಟ್ಟಿ ಒತ್ತುವ ಭುಜದಲ್ಲಿ ಒತ್ತಡ ಜಾಸ್ತಿ. ನೀರು ಮೊದಲು ಜಿನುಗುವುದು ಅಲ್ಲೇ.

ಈಗ ಉಸಿರಾಟದ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ದುಬಾರಿ ಜಾಕೆಟ್ ಮಾರುವುದು ಇದೇ ಮಾತಿನ ಮೇಲೆ. ಪೊರೆಯ ರಂಧ್ರಗಳು ತೀರಾ ಸಣ್ಣವು. ಅದರಲ್ಲಿ ಬೆವರಿನ ಆವಿ ಹೊರಹೋಗುತ್ತದೆ, ಮಳೆಹನಿ ಒಳಬರುವುದಿಲ್ಲ. ಇದು ನಿಜವೇ. ಆದರೆ ಆವಿ ತಾನಾಗಿ ಹೊರಹೋಗಬೇಕಾದರೆ ಒಳಗೆ ತೇವ ಜಾಸ್ತಿ, ಹೊರಗೆ ಕಡಿಮೆ ಇರಬೇಕು. ಹಿಮಾಲಯದ ಒಣ ಚಳಿಯಲ್ಲಿ ಹಾಗೇ ಇರುತ್ತದೆ. ಜುಲೈನ ಅಂಕೋಲಾದಲ್ಲಿ ಹೊರಗಿನ ಗಾಳಿಯೂ ಬೆಚ್ಚಗೆ, ತೇವದಿಂದ ತುಂಬಿರುತ್ತದೆ. ಬೆವರು ಹೋಗುವುದಾದರೂ ಎಲ್ಲಿಗೆ? ಜೊತೆಗೆ ಜಾಕೆಟ್‌ನ ಹೊರಮೈ ನೀರು ಕುಡಿದು ಒದ್ದೆಯಾದರೆ ಉಸಿರಾಟ ಬಹುಪಾಲು ನಿಂತೇ ಹೋಗುತ್ತದೆ.

ಆದ್ದರಿಂದ ನಮ್ಮ ಕರಾವಳಿಗೆ ಪೊರೆಗಿಂತ ಗಾಳಿಕಿಂಡಿ ಮುಖ್ಯ. ಕಂಕುಳ ಕೆಳಗೆ ಜಿಪ್, ಬೆನ್ನ ಮೇಲೆ ಮುಚ್ಚಳದ ಒಳಗೆ ಜಾಲರಿ, ಕತ್ತಿನ ಹತ್ತಿರ ಸಡಿಲಿಸಲು ಬರುವ ಪಟ್ಟಿ, ಇವಿದ್ದರೆ ಸಾಧಾರಣ ಬೆಲೆಯ ಜಾಕೆಟ್ ಕೂಡ ಹಿತವಾಗಿರುತ್ತದೆ. ನಮ್ಮ ಗದ್ದೆಗಳಲ್ಲಿ ನಾಟಿ ಮಾಡುವವರು ಬಿದಿರು, ಎಲೆಗಳಿಂದ ಹೆಣೆದ ಗೊರಬು ಹೊದ್ದು ಇಡೀ ದಿನ ಬಗ್ಗಿ ಕೆಲಸ ಮಾಡುತ್ತಿದ್ದುದು ನೆನಪಿದೆಯಾ? ಬೆನ್ನ ಮೇಲೆ ಮಳೆ ಬೀಳುತ್ತಿರಲಿಲ್ಲ, ಕೆಳಗಿನಿಂದ ಗಾಳಿ ಆಡುತ್ತಿತ್ತು. ಬುದ್ಧಿವಂತಿಕೆ ಎಂದರೆ ಅದು. ದೋಣಿಯಲ್ಲಿ ಗೊರಬು ನಡೆಯುವುದಿಲ್ಲ, ಗಾಳಿ ಎತ್ತಿ ಬಿಸಾಡುತ್ತದೆ. ಆದರೆ ಅದರ ತತ್ವವನ್ನು ಜಾಕೆಟ್‌ನಲ್ಲಿ ಹುಡುಕಬಹುದು.

ದಡದಲ್ಲಿ ನಿಂತು ಮೀನು ಹಿಡಿಯುವವರಿಗೆ ನನ್ನ ಆಯ್ಕೆ ದಪ್ಪ ಪಿವಿಸಿಯೇ. ಮೀನಿನ ಲೋಳೆ, ರಕ್ತ, ಕೆಸರು ಯಾವುದೂ ಅದಕ್ಕೆ ಅಂಟಿ ಉಳಿಯುವುದಿಲ್ಲ. ಗಾಳ ಚುಚ್ಚಿ ತೂತಾದರೆ ತೇಪೆ ಹಚ್ಚಬಹುದು. ಬೆಲೆಯೂ ಕೈಗೆಟಕುತ್ತದೆ. ಎದೆಯವರೆಗೆ ಬರುವ, ಭುಜಕ್ಕೆ ಪಟ್ಟಿ ಇರುವ ಪ್ಯಾಂಟ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಬಗ್ಗಿ ಮೀನು ಎತ್ತುವಾಗ ಸೊಂಟದಲ್ಲಿ ನೀರು ಇಳಿಯುವುದಿಲ್ಲ. ಬಂದರಿನ ಹತ್ತಿರದ ಬಲೆ, ಹಗ್ಗದ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಿ.

ಅಂಗಡಿಯಲ್ಲಿ ಏನು ನೋಡಬೇಕು?

ಜಾಕೆಟನ್ನು ಒಳಮುಖ ಮಾಡಿ. ಪ್ರತಿ ಹೊಲಿಗೆಯ ಮೇಲೂ ಟೇಪ್ ಅಂಟಿಸಿರಬೇಕು, ಅಥವಾ ಪಿವಿಸಿ ಆಗಿದ್ದರೆ ಬಿಸಿ ಮಾಡಿ ಬೆಸೆದಿರಬೇಕು. ಸೂಜಿಯ ತೂತು ಬರಿಗಣ್ಣಿಗೆ ಕಂಡರೆ ಅಲ್ಲೇ ಬಿಟ್ಟುಬಿಡಿ. ಲೇಬಲ್ ಮೇಲೆ ಎಷ್ಟು ದೊಡ್ಡ ಸಂಖ್ಯೆ ಇದ್ದರೂ ನೀರು ಬರುವುದು ಹೊಲಿಗೆಯಿಂದಲೇ.

ಜಿಪ್ ಪ್ಲಾಸ್ಟಿಕ್‌ನದ್ದಿರಲಿ. ಸಾಮಾನ್ಯ ಲೋಹದ ಜಿಪ್ ಉಪ್ಪುಗಾಳಿಗೆ ಬೇಗ ಕಚ್ಚಿಕೊಳ್ಳುತ್ತದೆ. ಜಿಪ್ ಮೇಲೆ ಮುಚ್ಚುವ ಪಟ್ಟಿ ಇರಬೇಕು. ಮುಂಗೈ ಹತ್ತಿರ ಬಿಗಿ ಮಾಡಲು ಬರಬೇಕು. ಗಾಳ ಎಸೆಯುವಾಗ ಕೈ ಮೇಲೆತ್ತುತ್ತೀರಿ, ಸಡಿಲ ತೋಳಾದರೆ ನೀರು ಸೀದಾ ಕಂಕುಳಿಗೆ. ಟೊಪ್ಪಿ ಹಾಕಿ ಕತ್ತು ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿ. ತಲೆಯ ಜೊತೆ ಟೊಪ್ಪಿಯೂ ತಿರುಗಬೇಕು, ಇಲ್ಲದಿದ್ದರೆ ಪಕ್ಕದಿಂದ ಬರುವ ಅಲೆ ಕಾಣಿಸುವುದಿಲ್ಲ.

ಬಣ್ಣ ಕಿತ್ತಳೆ, ಹಳದಿ ಅಥವಾ ಗಾಢ ಗಿಳಿಹಸಿರು. ನೀಲಿ, ಬೂದು, ಕಪ್ಪು ಬೇಡವೇ ಬೇಡ. ಮಳೆ ಹೊಯ್ಯುವಾಗ ಕಡಲೂ ಆಕಾಶವೂ ಬೂದು. ನೀರಿಗೆ ಬಿದ್ದವರನ್ನು ಹುಡುಕುವವರ ಕಣ್ಣಿಗೆ ಬೀಳುವುದು ಬಣ್ಣ ಮಾತ್ರ.

ಕಯಾಕ್‌ಗೆ ಬೇರೆಯೇ ಲೆಕ್ಕ

ತಲೆಯ ಮೇಲಿಂದ ಇಳಿಬಿಡುವ, ತೋಳಿಲ್ಲದ ಸಡಿಲ ಪೊಂಚೊ ಬೇಡ. ಗಾಳಿಗೆ ಹಾರಿ ಮುಖ ಮುಚ್ಚುತ್ತದೆ, ನೀರಿಗೆ ಬಿದ್ದರೆ ತಲೆಗೆ ಸುತ್ತಿಕೊಳ್ಳುತ್ತದೆ. ಮೊಣಕಾಲಿನವರೆಗೆ ಬರುವ ಉದ್ದ ರೇನ್‌ಕೋಟೂ ಬೇಡ. ಗಂಬೂಟಿನಲ್ಲಿ ನೀರು ತುಂಬಿದರೆ ಈಜುವುದು, ಮತ್ತೆ ಕಯಾಕ್ ಹತ್ತುವುದು ಎರಡೂ ಕಷ್ಟ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ನಿಯೋಪ್ರಿನ್ (ಮೆತ್ತಗಿನ, ಹಿಗ್ಗುವ ರಬ್ಬರ್) ಬೂಟು ಹಾಕಿ.

ಸೊಂಟದವರೆಗೆ ಮಾತ್ರ ಬರುವ, ಮುಂಗೈ ಮತ್ತು ಸೊಂಟದಲ್ಲಿ ನಿಯೋಪ್ರಿನ್ ಪಟ್ಟಿ ಇರುವ ಪ್ಯಾಡ್ಲಿಂಗ್ ಜಾಕೆಟ್ ಸಿಗುತ್ತದೆ. ಹೊನ್ನಾವರದ ಶರಾವತಿ ಹಿನ್ನೀರಿಗೆ, ಅಘನಾಶಿನಿಯ ಕಾಂಡ್ಲಾ ಕಾಡಿನ ನಡುವೆ ಸುತ್ತಲು ಇದು ಧಾರಾಳ ಸಾಕು. ಗಣೇಶಗುಡಿಯ ಚಳಿಗೆ ಒಳಗೆ 2–3 ಮಿ.ಮೀ. ದಪ್ಪದ ನಿಯೋಪ್ರಿನ್ ಉಡುಪು ಸೇರಿಸಿ. ಹಿಮದ ನಾಡಿನವರು ಹಾಕುವ, ಒಳಗೆ ನೀರೇ ಬಿಡದ ಡ್ರೈಸೂಟ್‌ಗೆ ನಮ್ಮಲ್ಲಿ ಹಣ ಸುರಿಯುವ ಅಗತ್ಯವಿಲ್ಲ. ಬೆವರಿನಲ್ಲೇ ಬೇಯುತ್ತೀರಿ.

ಲೈಫ್ ಜಾಕೆಟ್ ಯಾವಾಗಲೂ ರೇನ್‌ಕೋಟ್‌ನ ಮೇಲೆ, ಒಳಗಲ್ಲ. ಒಳಗೆ ಹಾಕಿದರೆ ಬಕಲ್ ಕೈಗೆ ಸಿಗುವುದಿಲ್ಲ, ಬೇರೆಯವರಿಗೆ ಹಿಡಿದೆಳೆಯಲು ಪಟ್ಟಿಯೂ ಸಿಗುವುದಿಲ್ಲ. ಖರೀದಿ ಮಾಡುವಾಗ ಮಳೆಬಟ್ಟೆ ಹಾಕಿಕೊಂಡೇ ಅಳತೆ ನೋಡಿ. ಲೈಫ್ ಜಾಕೆಟ್‌ಗೊಂದು ಪೀಪಿ ಕಟ್ಟಿಕೊಳ್ಳಿ. ಫೋನ್ ನೀರು ಹೋಗದ ಚೀಲದಲ್ಲಿ ಮೈಮೇಲೇ ಇರಲಿ. ಸಮುದ್ರದಲ್ಲಿ ಅವಘಡವಾದರೆ ಕೋಸ್ಟ್ ಗಾರ್ಡ್‌ನ ಉಚಿತ ಸಂಖ್ಯೆ 1554.

ಒಳಗೆ ಹತ್ತಿ ಬೇಡ

ಬನಿಯನ್, ಜೀನ್ಸ್, ಲುಂಗಿ ಎಲ್ಲ ಹತ್ತಿ. ಒಮ್ಮೆ ನೆನೆದರೆ ಒಣಗುವುದೇ ಇಲ್ಲ, ಮೈಗೆ ಅಂಟಿಕೊಂಡು ಶಾಖ ಹೀರುತ್ತದೆ. ವಾಲಿಬಾಲ್ ಟೂರ್ನಿಗಳಲ್ಲಿ ಕೊಡುವ ಪಾಲಿಯೆಸ್ಟರ್ ಜೆರ್ಸಿ ಇದೆಯಲ್ಲ, ಅದೇ ಉತ್ತಮ ಒಳಬಟ್ಟೆ. ಚಳಿ ಇದ್ದರೆ ಅದರ ಮೇಲೆ ತೆಳು ಉಣ್ಣೆ ಸ್ವೆಟರ್. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ.

ಮನೆಯಲ್ಲೇ ಪರೀಕ್ಷೆ

ಒಳಗೆ ತಿಳಿಬಣ್ಣದ ಅಂಗಿ ಹಾಕಿ, ಮೇಲೆ ಹೊಸ ರೇನ್‌ಕೋಟ್ ಹಾಕಿ. ಅಂಗಳದಲ್ಲಿ ಪೈಪಿನಿಂದ ಹತ್ತು ನಿಮಿಷ ನೀರು ಹೊಡೆಸಿಕೊಳ್ಳಿ. ಭುಜ, ಜಿಪ್, ಕಂಕುಳಿಗೆ ಜಾಸ್ತಿ ಹೊಡೆಯಲು ಹೇಳಿ. ಆಮೇಲೆ ಒದ್ದೆ ಟವೆಲ್ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದೇಳಿ. ಒಳಗಿನ ಅಂಗಿಯ ಮೇಲೆ ಎಲ್ಲಿ ಒದ್ದೆ ಗುರುತು ಬಿದ್ದಿದೆಯೋ ಅಲ್ಲಿ ಸೋರುತ್ತಿದೆ. ಕಯಾಕ್‌ನವರು ಆಳವಿಲ್ಲದ, ಹರಿವಿಲ್ಲದ ನೀರಿನಲ್ಲಿ, ಜೊತೆಗೆ ಒಬ್ಬರನ್ನು ನಿಲ್ಲಿಸಿಕೊಂಡು, ಪೂರ್ತಿ ಬಟ್ಟೆಯಲ್ಲಿ ಒಮ್ಮೆ ಈಜಿ ನೋಡಲೇಬೇಕು.

ಯಾವಾಗ ಹೋಗಬಾರದು?

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್‌ಗಳ ಮೀನುಗಾರಿಕೆಗೆ ನಿಷೇಧವಿದೆ. ಮಳೆಗಾಲದಲ್ಲಿ ಜಲಕ್ರೀಡೆಗಳನ್ನೂ ನಿಲ್ಲಿಸುತ್ತಾರೆ. ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟ ದಿನ ದಡದ ಬಂಡೆಯ ಮೇಲೂ ನಿಲ್ಲಬೇಡಿ. ಯಾವ ಜಾಕೆಟ್ ಕೂಡ ಅಲೆಯನ್ನು ತಡೆಯುವುದಿಲ್ಲ.

ಬಂದ ಮೇಲೆ

ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆಯಿರಿ, ಜಿಪ್ಪನ್ನು ತೆರೆದು ತೊಳೆಯಿರಿ. ನೆರಳಿನಲ್ಲಿ, ಗಾಳಿ ಆಡುವ ಕಡೆ ಒಣಗಿಸಿ. ಪಿವಿಸಿ ಬಿಸಿಲಿಗೆ ಬಿರುಕು ಬಿಡುತ್ತದೆ, ಒದ್ದೆ ಇರುವಾಗಲೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಪೊರೆ ಇರುವ ಜಾಕೆಟ್ ಮೇಲೆ ಹನಿಗಳು ಉರುಳುವುದು ನಿಂತರೆ ಚೆನ್ನಾಗಿ ತೊಳೆದು ಒಣಗಿಸಿ. ಲೇಬಲ್‌ನಲ್ಲಿ ಇಸ್ತ್ರಿಗೆ ಒಪ್ಪಿಗೆ ಇದ್ದರೆ, ಮೇಲೊಂದು ತೆಳು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಹೊರಲೇಪಕ್ಕೆ ಮತ್ತೆ ಜೀವ ಬರುತ್ತದೆ. ಪಿವಿಸಿಗೆ ಮಾತ್ರ ಇಸ್ತ್ರಿ ತಾಗಿಸಬೇಡಿ, ಕರಗಿಹೋಗುತ್ತದೆ.